ಹೃದಯದ ಹಳೆಯ ಗಾಯ

ಕಾಗದನಗರ, ಭದ್ರಾವತಿ
18-11-2009

ಪ್ರೀತಿಯ ಸುಭದ್ರಾ,

ಶರಣು. ನೀನು ಧಾರವಾಡದಿಂದ ಬರೆದ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕುಳಿತಿದ್ದಕ್ಕೆ ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ಇವರು ಪಕ್ಕದಲ್ಲೇ ಇರುತ್ತಾರೆ. ಈಗ ಊಟ ಮಾಡಿ, ಮಾತ್ರೆ ನುಂಗಿ ಮಲಗಿದ್ದಾರೆ.

ದಸರಾ ಮುಗಿದ ವಾರ ಇವರಿಗೆ ಮಿಲ್ಲಿನಲ್ಲೇ ಎದೆನೋವು ಬಂದದ್ದು ನಿನಗೆ ಗೊತ್ತು. ಶಿವಮೊಗ್ಗದ ಡಾಕ್ಟರು, "ಮೂರು ರಕ್ತನಾಳ ಕಟ್ಕೊಂಡಿವೆ. ಆಪರೇಷನ್ ಮಾಡ್ಬಹುದು. ಆದ್ರೆ ಹೃದಯದ ಸ್ನಾಯುಗೆ ಎಷ್ಟು ರಕ್ತ ಹೋಗ್ತಿದೆ, ಎಷ್ಟು ಭಾಗ ಇನ್ನೂ ಜೀವ ಹಿಡ್ಕೊಂಡಿದೆ ಅಂತ ಮೊದ್ಲು ಗೊತ್ತಾಗ್ಬೇಕು. ಎಲ್ಲಾ ಸತ್ತಿದ್ರೆ ಕುಯ್ದು ಪ್ರಯೋಜನ ಇಲ್ಲ" ಎಂದು ಬೆಂಗಳೂರಿಗೆ ಪೆಟ್ ಸ್ಕ್ಯಾನಿಗೆ ಬರೆದುಕೊಟ್ಟರು.

ಸ್ಕ್ಯಾನಿನ ಹಿಂದಿನ ದಿನದಿಂದ ಕಾಫಿ, ಟೀ ಮುಟ್ಟುವಂತಿಲ್ಲ. ಇವರ ಕಾಫಿ ಚಟ ನಿನಗೆ ತಿಳಿಯದ್ದಲ್ಲ. ರೈಲು ಅರಸೀಕೆರೆಯಲ್ಲಿ ನಿಂತಾಗ ನೀರು ತರುತ್ತೇನೆಂದು ಇಳಿದು ಕಾಫಿ ಕುಡಿದೇ ಬಂದರು. ವಾಸನೆ ಮೂಗಿಗೆ ಬಡಿಯಿತು. ಮರುದಿನ ಆಸ್ಪತ್ರೆಯಲ್ಲಿ ನರ್ಸ್ ಕೇಳಿದಾಗ "ಇಲ್ಲಮ್ಮ" ಎಂದುಬಿಟ್ಟರು. ನಾನು ತಡೆಯಲಾರದೆ, "ಕುಡ್ದಿದಾರೆ ಸಿಸ್ಟರ್" ಎಂದೆ.

"ಕಾಫಿ ಕುಡಿದ್ರೆ ನಾವು ಕೊಡೋ ಔಷಧಿ ಸರಿಯಾಗಿ ಕೆಲಸ ಮಾಡಲ್ಲ. ಚಿತ್ರ ಸುಳ್ಳು ಹೇಳುತ್ತೆ. ನಾಳೆ ಬನ್ನಿ" ಎಂದಳು. ಇಡೀ ದಿನ ಇವರು ನನ್ನೊಡನೆ ಮಾತಾಡಲಿಲ್ಲ.

ಮಾರನೆಯ ದಿನ ಕೈಗೆ ಸೂಜಿ ಚುಚ್ಚಿ ವಿಕಿರಣದ ಔಷಧಿ ಬಿಟ್ಟು, ಸುಮ್ಮನೆ ಮಲಗಿದ್ದಾಗಿನ ಚಿತ್ರ ತೆಗೆದರು. ಆಮೇಲೆ ಇನ್ನೊಂದು ಔಷಧಿ ಕೊಟ್ಟು, ಓಡುವಾಗ ಹೇಗೋ ಹಾಗೆ ಹೃದಯಕ್ಕೆ ರಕ್ತ ನುಗ್ಗಿಸಿ ಮತ್ತೆ ತೆಗೆದರು. ಕೊನೆಗೆ ಸಕ್ಕರೆಯಂಥದ್ದೇನನ್ನೋ ಕೊಟ್ಟು, ಯಾವ ಭಾಗ ಅದನ್ನು ಹೀರಿಕೊಳ್ಳುತ್ತದೆಂದು ನೋಡಿದರು. ನಾನು ಗಾಜಿನ ಆಚೆ ಕುಳಿತಿದ್ದೆ. ಯಂತ್ರದಿಂದ ಹೊರಗೆ ಇವರ ಪಾದಗಳಷ್ಟೇ ಕಾಣುತ್ತಿದ್ದವು. ಹೆಬ್ಬೆರಳು ಅಲ್ಲಾಡುತ್ತಿದೆಯೇ ಎಂದು ನೋಡುತ್ತಲೇ ಇದ್ದೆ.

ಸಂಜೆ ಅಲ್ಲಿನ ಡಾಕ್ಟರು ಚಿತ್ರ ತೋರಿಸಿದರು. "ಈ ಮುಂದಿನ ಗೋಡೆಗೆ ರಕ್ತ ಕಮ್ಮಿ. ಆದ್ರೆ ಸಕ್ಕರೆ ಹೀರ್ಕೊಳ್ತಿದೆ. ಸತ್ತಿಲ್ಲ, ನಿದ್ದೆ ಮಾಡ್ತಿದೆ. ಆಪರೇಷನ್ ಆದ್ರೆ ಏಳುತ್ತೆ." ಇವರು ಅವರೆದುರಿಗೇ ನನ್ನ ಕೈ ಹಿಡಿದುಕೊಂಡರು.

ಆಮೇಲೆ ಡಾಕ್ಟರು ಕೆಳಗಿನ ಕಪ್ಪು ಜಾಗಕ್ಕೆ ಬೆರಳಿಟ್ಟರು. "ಇದು ಹೋಗಿದೆ. ಈ ಸಲದ್ದಲ್ಲ, ಹಳೇ ಗಾಯ. ಮೊದ್ಲು ಯಾವಾಗಾದ್ರೂ ಎದೆನೋವು ಬಂದಿತ್ತಾ?"

ಇವರು ಒಮ್ಮೆ ನನ್ನ ಮುಖ ನೋಡಿ, "ಇಲ್ಲ ಸಾರ್" ಎಂದರು. ನಾನೂ ಇಲ್ಲವೆಂದು ತಲೆ ಅಲ್ಲಾಡಿಸಿದೆ.

ಡಿಸೆಂಬರ್ ಎರಡಕ್ಕೆ ಆಪರೇಷನ್. ಮಗಳು ಸುಮನಾ ಬರುತ್ತಾಳೆ. ನಿನ್ನ ಮೊಮ್ಮಗುವಿಗೆ ನನ್ನ ಆಶೀರ್ವಾದ ಹೇಳು. ಶಿವ ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ,
ಸತ್ಯಭಾಮಾ

ತಾ.ಕ.: ಇದನ್ನು ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಐದು ವರ್ಷದ ಹಿಂದೆ ಸುಮನಾಳ ಮದುವೆಯ ದಿನ, ಇವರು ಬೆವರುತ್ತಾ ಬಂದು, "ಎದೆ ಹಿಂಡ್ತಿದೆ ಕಣೇ, ಒಂಚೂರು ಮಲಗ್ಲಾ?" ಎಂದಿದ್ದರು. "ಬೀಗರ ಎದುರಿಗೆ ಮಲಗ್ತೀರಾ? ಗ್ಯಾಸು ಅಷ್ಟೇ. ಅಕ್ಷತೆ ಬೀಳೋವರೆಗೂ ನಿಂತ್ಕೊಳ್ಳಿ" ಎಂದೆ. ನಿಂತರು. ಬೀಗರು ಬಸ್ಸು ಹತ್ತುವವರೆಗೂ ನಿಂತೇ ಇದ್ದರು. ಸುಮನಾಗೆ ಇದು ತಿಳಿಯಬಾರದು. ಇವರು ಇವತ್ತಿನವರೆಗೂ ಆ ಮಾತು ಎತ್ತಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು, ಮಾರಾಯ್ತಿ.