ನಲವತ್ತಾರೇ ಖರೆ

ನವನಗರ, ಹುಬ್ಬಳ್ಳಿ
ತಾ. ೧೪-೮-೨೦೦೬

ಚಿ. ಕಮರುದ್ದೀನನಿಗೆ ಶಾಂತಯ್ಯ ಕಾಕಾನ ಆಶೀರ್ವಾದಗಳು.

‘ಐ ಬೆಗ್ ಟು ಸ್ಟೇಟ್’ ಎಂದು ಶುರು ಮಾಡಬೇಕೆಂದು ಧಾರವಾಡದ ಕಾಲೇಜಿನಲ್ಲಿ ಕಲಿಸಿದ್ದರು. ಅದರ ಮುಂದಿನದು ಮರೆತಿದ್ದೇನೆ, ನೇರ ಬರೆಯುತ್ತೇನೆ. ನೀನು ಡಯಾಲಿಸಿಸ್ ಕೆಲಸ ಬಿಟ್ಟು ಲಕಮನಹಳ್ಳಿಯ ಯಾವುದೋ ಫ್ಯಾಕ್ಟರಿಗೆ ಸೇರುತ್ತೀಯಂತೆ. ನನ್ನ ಮನೆಯವಳು ದಾಕ್ಷಾಯಿಣಿ ಜೂನ್ ತಿಂಗಳಲ್ಲಿ ಹೋದದ್ದು ನೀನು ಅವಳ ತೂಕ ತಪ್ಪು ಅಳೆದದ್ದರಿಂದ ಎಂದು ನನ್ನ ಮಗ ಅಮರೇಶನ ಮುಂದೆ ಕಣ್ಣೀರು ಹಾಕಿದೆಯಂತೆ. ಅದನ್ನು ಕೇಳಿ ಎರಡು ದಿನದಿಂದ ನನಗೆ ಊಟ ಸೇರಿಲ್ಲ.

ಮೊದಲು ಒಂದು ಮಾತು. ನೀನಂದರೆ ನನಗೆ ಆಗುತ್ತಿರಲಿಲ್ಲ. ಡಾಕ್ಟರು ಎಲ್ಲಿಂದಲೋ ಎರವಲು ಆ ಯಂತ್ರ ತಂದ ದಿನದಿಂದ. ಅವಳ ಕೈಗೆರಡು, ಕಾಲಿಗೆರಡು ಅಂಟುಪಟ್ಟಿ ಹಚ್ಚಿ ತಂತಿ ಜೋಡಿಸಿದರೆ, ಮೈಯೊಳಗೆ ಇಷ್ಟು ನೀರು, ಇಷ್ಟು ಖಂಡ ಎಂದು ನೀನು ಹೇಳಿಬಿಡುತ್ತಿದ್ದೆ. ಮೂವತ್ತೆಂಟು ವರ್ಷ ಬಾಳಿದ ನನಗೆ ಗೊತ್ತಿಲ್ಲದ ಸುದ್ದಿ ನಿನಗೆ ಐದು ನಿಮಿಷದಲ್ಲಿ. “ಕಾಕೂ, ನಿಮ್ಮ ಡ್ರೈ ವೇಟ್ ನಲವತ್ತಾರು ಕಿಲೋ. ಇದರ ಮ್ಯಾಲ ಬಂದದ್ದೆಲ್ಲಾ ಬರೇ ನೀರ ರೀ” ಅಂತ ನೀನು. “ಹಂಗಾರ ನಾ ಅರ್ಧಾ ಹೆಂಗಸು, ಅರ್ಧಾ ಕೆರಿ ಅನ್ನು” ಅಂತ ಅವಳು. ಇಬ್ಬರೂ ನಗುತ್ತಿದ್ದಿರಿ. ನಾನು ಬಾಗಿಲ ಬಳಿ ಸ್ಟೂಲಿನ ಮೇಲೆ ಚೀಲ ಹಿಡಿದುಕೊಂಡು ಕೂತಿರುತ್ತಿದ್ದೆ. ನನ್ನ ಜೋಡಿ ಅವಳು ಹಾಗೆ ನಕ್ಕದ್ದು ಯಾವಾಗ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಆಮೇಲೆ ಮೊಟ್ಟೆ. ಖಂಡ ಕರಗಾಕತ್ತೈತಿ, ಬಿಳಿ ಭಾಗರೆ ತಿನ್ರಿ ಎಂದೆ ನೀನು. ನಮ್ಮದು ಅಯ್ಯನವರ ಮನೆತನ, ಮೊಟ್ಟೆ ನಮ್ಮ ಹೊಸ್ತಿಲು ದಾಟಿದ್ದಿಲ್ಲ. ಡಾಕ್ಟರಿಗೆ ಒಲ್ಲೆ ಅಂದವಳು, ನಾನು ಕೈಮುಗಿದಾಗ ಮುಖ ತಿರುವಿದವಳು, ನಿನ್ನ ತಾಯಿ ತಾಜಬಿ ಕುದಿಸಿ ಕಳಿಸಿದ್ದನ್ನು ನಿನ್ನ ಡಬ್ಬಿಯಿಂದ ಕಣ್ಣು ಮುಚ್ಚಿ ತಿಂದಳು. “ಔಷಧ ಅಂತ ತಿಂದೆ. ನೀವ್ಯಾಕ ಮಾರಿ ಉಬ್ಬಿಸ್ಕೊಂಡು ಕುಂತೀರಿ?” ಅಂತ ನನಗೇ ಕೇಳಿದಳು. ಜೆಲಸಿ ಎಂಬ ಶಬ್ದವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಅರ್ಥ ತಿಳಿದದ್ದು ಆ ಸ್ಟೂಲಿನ ಮೇಲೆ.

ದಿನಕ್ಕೆ ಮೂರೇ ಲೋಟ ನೀರು ಎಂದು ನೀನು ಗೆರೆ ಹಾಕಿದ್ದೆ. ಬೇಸಿಗೆ, ಕಮರುದ್ದೀನ. ನಾಲಿಗೆ ಒಣಗಿಸಿಕೊಂಡು ಗೋಡೆ ನೋಡುತ್ತ ಮಲಗಿರುತ್ತಿದ್ದಳು. ಒಂದು ದಿನ ಸೊಸೆ ಪೇಟೆಗೆ ಹೋದಾಗ ತಂಬಿಗೆಯಲ್ಲಿ ಮಜ್ಜಿಗೆ ಒಯ್ದೆ. ಗಟಗಟ ಕುಡಿದು ನನ್ನ ಕೈ ಹಿಡಿದಳು. “ಕಮರುದ್ದೀನಗ ಹೇಳಬ್ಯಾಡ್ರಿ” ಅಂದಳು. ನಿನಗೆ ಗೊತ್ತಿಲ್ಲದ್ದು ನಮ್ಮಿಬ್ಬರ ನಡುವೆ ಒಂದಾದರೂ ಆಯಿತಲ್ಲ ಎಂಬ ಖುಷಿಗೆ ಮರುದಿನವೂ ಒಯ್ದೆ. ಮೂರು ತಿಂಗಳು ಒಯ್ದೆ.

ತೂಕದ ಮುಳ್ಳು ನಲವತ್ತೊಂಬತ್ತಕ್ಕೆ ನಿಂತಾಗ ನೀನು, “ಕಾಕೂ, ಖರೇ ಹೇಳ್ರಿ, ಎಷ್ಟು ಕುಡದ್ರಿ?” ಎನ್ನುತ್ತಿದ್ದೆ. “ನೀ ಹೇಳಿದಷ್ಟ, ತಮ್ಮಾ” ಅನ್ನುತ್ತಿದ್ದಳು. ನೀನು ಯಂತ್ರದ್ದೇ ದೋಷವೆಂದು ಪಟ್ಟಿ ಕಿತ್ತು ಮತ್ತೆ ಹಚ್ಚುತ್ತಿದ್ದೆ. ನಾನು ಒಳಗೊಳಗೇ ಗೆದ್ದೆ ಅಂದುಕೊಳ್ಳುತ್ತಿದ್ದೆ.

ಅಮರಗೋಳದ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ಹತ್ತಿ ದಲಾಲಿ ಮಾಡಿದವನು ನಾನು. ತೂಕ ಬರಲೆಂದು ನೀರು ಹೊಡೆದ ಹತ್ತಿ ಚೀಲ ಯಾವುದೆಂದು ಕೈಯಿಟ್ಟು ಹೇಳುತ್ತಿದ್ದೆ. ಹೆಂಡತಿಯ ಗಲ್ಲ ತುಂಬಿದಾಗ ಉಂಡದ್ದು ಮೈಗೆ ಹತ್ತಿತು ಅಂದೆ. ಅದು ನೀರು ಎಂದು ನೀನು ಹೇಳಿದೆ, ನೀನು ಹೇಳಿದ್ದೆಂಬ ಕಾರಣಕ್ಕೇ ನಂಬಲಿಲ್ಲ.

ನೀನು ಅಳೆದದ್ದು ಸರಿ ಇತ್ತು. ನಲವತ್ತಾರೇ ಖರೆ. ಈ ಕಾಗದವನ್ನು ಡಾಕ್ಟರಿಗೆ ತೋರಿಸು. ಅಮರೇಶನಿಗೆ ನಾನೇ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಅವಳ ಪಕ್ಕದ ಹಾಸಿಗೆಯ ಶಿವಲಿಂಗವ್ವ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, “ಆ ಹುಡುಗ ಹ್ವಾದ್ರ ನನ್ನ ನೀರು ಯಾರ್ ನೋಡ್ತಾರ್ರೀ?” ಅಂದಳು. ಕೆಲಸ ಬಿಡಬೇಡ.

ಯುವರ್ಸ್ ಒಬೀಡಿಯೆಂಟ್ಲಿ,
ಶಾಂತಯ್ಯ

ತಾ.ಕ.: ಅವಳ ಕಡೆಯ ಭಾನುವಾರ ಸಂಜೆ ಉಸಿರು ಸಾಲುತ್ತಿರಲಿಲ್ಲ. ತಂಬಿಗೆಯನ್ನು ತಾನೇ ಸರಿಸಿ, “ಮದಲ ಕಮರುದ್ದೀನಗ ಫೋನ್ ಮಾಡಿ ಕೇಳ್ರಿ” ಅಂದಳು. ನಾನು ಪಡಸಾಲೆಗೆ ಹೋಗಿ ಫೋನಿನ ಹತ್ತಿರ ಸ್ವಲ್ಪ ಹೊತ್ತು ನಿಂತು ಬಂದೆ. “ಕುಡೀಲಿ ಅಂದಾನ” ಅಂತ ಅವಳಿಗೆ ಹೇಳಿದೆ. ಫೋನ್ ಎತ್ತಿರಲಿಲ್ಲ. ನಿನ್ನ ಹೆಸರು ಕೇಳಿ ಪೂರ್ತಿ ಕುಡಿದಳು.