ಉಡಿಯಲ್ಲಿ ಕೊಟ್ಟ ಗಾಳಿಮನೆ

ಗದಗಿನ ಮೇಲಿನ ಗಾಳಿ ಓಣಿ,
ಫಾಲ್ಗುಣದ ಮೂವತ್ತೆರಡನೆಯ ದಿನ, ೨೨೩೧

ನನ್ನ ಮುತ್ತಜ್ಜನ ಮುತ್ತಜ್ಜನಿಗೆ, ಊರಿಗೆಲ್ಲ ಕಾಕಾ ಆದ ಈರಬಸಪ್ಪನ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮ ತಿಂಗಳುಗಳು ನಿಮ್ಮವಕ್ಕಿಂತ ಉದ್ದ. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಕಲಿತದ್ದು ಊರ ಶಾಲೆಯ ಏಳನೆಯ ಇಯತ್ತೆ. ಆದರೂ ತೆರಿಗೆಯ ಮಾತು ಬಂದರೆ ಈ ಓಣಿಯ ಜನ ತಟ್ಟುವುದು ನನ್ನ ಬಾಗಿಲನ್ನೇ.

ಗಾಳಿಮನೆಯೆಂದರೆ ಗಾಳಿಗಿರಣಿಯ ಕಂಬಕ್ಕೆ ತೂಗುಬಿಟ್ಟ ಮನೆ. ಮಧ್ಯಾಹ್ನ ತಾನೇ ನೆರಳಿಗೆ ತಿರುಗುತ್ತದೆ. ಗಾಳಿ ಜೋರಾದರೆ ಒಲೆಯ ಮೇಲಿನ ರೊಟ್ಟಿ ಪಕ್ಕದ ಮನೆಗೆ ಹಾರುತ್ತದೆ, ಅವರು ಪಲ್ಯ ಹಾಕಿ ಮರಳಿಸುತ್ತಾರೆ. ಬಾಡಿಗೆಗೆ ಬಿಡಲೆಂದು ಇಂಥ ಮನೆಗಳ ಒಂದು ಗೊಂಚಲನ್ನೇ ಕೊಂಡೆ.

ಯಾರ ಹೆಸರಿನಲ್ಲಿ ಇಡುವುದು? ಅಲ್ಲೇ ಇತ್ತು ಕುಸ್ತಿ. ಬಾಡಿಗೆಯೆಲ್ಲ ಒಬ್ಬನಿಗೇ ಬಂದರೆ ತೆರಿಗೆ ಮೆಟ್ಟಿಲೇರುತ್ತ ಹೋಗಿ ಅರ್ಧ ನುಂಗುತ್ತದೆ. ಅಣ್ಣನ ಮಗ, ವಕೀಲ ಕಲ್ಲಿನಾಥ, ಕಂಪನಿ ಮಾಡೆಂದ. ಅಲ್ಲಿ ದರ ಕಡಿಮೆ, ಆದರೆ ಅದೇ ಹಣ ಮನೆಗೆ ಬರುವಾಗ ಇನ್ನೊಮ್ಮೆ ತೆರಿಗೆ. ಹೆಂಡತಿಗೆ ಕೊಟ್ಟರೆ ಕಾನೂನು ಅದನ್ನು ತಿರುಗಿ ಗಂಡನ ತಲೆಗೇ ಕಟ್ಟುತ್ತದೆ. ಅಕ್ಕತಂಗಿಯರಿಗೆ ಕೊಟ್ಟರೆ ಮಾತ್ರ ಅದು ಬಾಯಿ ಬಿಡುವುದಿಲ್ಲ. ಇದನ್ನು ಕಂಡುಹಿಡಿದವನು ನಾನು, ಕಲ್ಲಿನಾಥನಲ್ಲ. ಪಂಚಮಿಗೆ ತವರಿಗೆ ಬಂದ ಅಕ್ಕ ಗುರುಲಿಂಗವ್ವ, ತಂಗಿ ನೀಲಗಂಗಾ ಇಬ್ಬರ ಉಡಿಗೂ ಅಕ್ಕಿ, ಕೊಬ್ಬರಿಯೊಂದಿಗೆ ಒಂದೊಂದು ಪಾಲಿನ ಪತ್ರ ಹಾಕಿದೆ. ಉಳಿದ ಪಾಲು ನನ್ನದು. ಅದನ್ನು ಪೂರ್ತಿ ಬಾಡಿಗೆಗೆ ಬಿಟ್ಟು, ಗಾಳಿ ಚೆನ್ನಾಗಿ ಬೀಸುವ ಅಕ್ಕನ ಪಾಲಿನ ಮನೆಯಲ್ಲಿ ನಾನು ಉಳಿದೆ.

ತೆರಿಗೆ ಸಾಹೇಬ ಸುಮ್ಮನಿರುತ್ತಾನೆಯೇ? ಉಡಿ ತುಂಬಿದ್ದು ನಾಟಕ, ಗೊಂಚಲೆಲ್ಲ ಈರಬಸಪ್ಪನದೇ ಎಂದು ನೋಟಿಸು ಕಳಿಸಿದ. ಹಾಗೆಂದು ಸಾಬೀತಾದರೆ ಇಡೀ ಗೊಂಚಲು ಹರಾಜಿಗೆ. ಕಚೇರಿಯಲ್ಲಿ ನಾನು ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಕ್ಕ ಎದ್ದು ನಿಂತಳು.

“ಮಾಲಕಿ ನಾನ ಅದೀನ್ರಿ ಸಾಹೇಬ್ರ. ಇಂವ ನನ್ನ ಮನ್ಯಾಗ ಇರ್ತಾನ, ಇವಗೂ ಬಾಡಿಗಿ ಹಚ್ಚೀನಿ. ಹೋದ ತಿಂಗಳು ತಡಾ ಮಾಡಿದ್ದಕ್ಕ ನೀರು ಬಂದ್ ಮಾಡಿದ್ದೆ. ಓಣಿ ಮಂದೀನ್ನ ಕೇಳ್ರಿ.”

ಓಣಿಗೆ ಓಣಿಯೇ ಸಾಕ್ಷಿ ಹೇಳಿತು. ನಾನು ಬಕೆಟ್ಟು ಹಿಡಿದು ಮನೆಮನೆ ತಿರುಗಿದ್ದನ್ನು ಎಲ್ಲರೂ ಕಂಡಿದ್ದರು. ಸಾಹೇಬ ನಗು ತಡೆಯಲಾರದೆ ನೋಟಿಸು ಹಿಂತೆಗೆದುಕೊಂಡ. ಗೊಂಚಲು ಉಳಿಯಿತು. ಹಲಗೆ ಬಾರಿಸುತ್ತ ಮನೆಗೆ ಬಂದೆವು, ಎಲ್ಲರಿಗಿಂತ ಮುಂದೆ ನಾನು, ಅದೇ ಬಕೆಟ್ಟನ್ನು ತಲೆಯ ಮೇಲೆ ಹೊತ್ತು.

ಅಜ್ಜಾ, ನೀವೂ ಬಾಡಿಗೆಗೆಂದು ಮನೆ ಕೊಳ್ಳಲು ಹೊರಟಿದ್ದೀರೆಂದು ಬಲ್ಲೆ. ನಿಮ್ಮ ಕಾಲದ ಕಾನೂನು ಬೇರೆಯಿದ್ದೀತು, ಬಲ್ಲವರನ್ನು ಕೇಳಿ. ಆದರೆ ಯಾರ ಹೆಸರಿಗೆ ಬರೆಯುತ್ತೀರೋ ಅವರಿಗೆ ನಿಜವಾಗಿಯೂ ಕೊಟ್ಟುಬಿಡಿ. ಆಮೇಲೆ ಯಾವ ಸಾಹೇಬನ ಭಯವೂ ಇಲ್ಲ.

ಅಕ್ಕನ ಭಯವೊಂದು ಇರುತ್ತದೆ. ಬಾಡಿಗೆಗೆ ಬಾಗಿಲು ತಟ್ಟುತ್ತಿದ್ದಾಳೆ, ಪೆನ್ನು ಕೆಳಗಿಡುತ್ತೇನೆ.