ಹನ್ನೊಂದು ಒಂದುಗಳು

ಕಾಪು
14 ನವೆಂಬರ್ 1979, ಬುಧವಾರ

ವಿಷ್ಣುಮೂರ್ತಿಯವರಿಗೆ ನಮಸ್ಕಾರ.

ಕ್ಷೇಮವೇ ಎಂದು ಕೇಳುವುದಿಲ್ಲ. ಕ್ಷೇಮವಾಗಿಯೇ ಇದ್ದೀರೆಂದು ನಿಮ್ಮ ಅಕ್ಕ ವನಜಾಕ್ಷಿ ನಿನ್ನೆ ಬಂದು ಹೇಳಿದರು. ಒಂದು ಚೆಂಡು ಮಲ್ಲಿಗೆ, ಒಂದು ಆಮಂತ್ರಣ ಕೊಟ್ಟರು. ಭಾನುವಾರ ಉಡುಪಿಯಲ್ಲಿ ಗಣಿತ ಅಧ್ಯಾಪಕರ ಸಭೆಯಂತೆ, ಅದರಲ್ಲಿ ನಿಮ್ಮ ಉಪನ್ಯಾಸವಂತೆ. ನಾನು ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತು, ಹಾಗೆಯೇ ನಿಮ್ಮೊಂದಿಗೆ ಮಣಿಪಾಲದ ಮನೆಗೆ ಹೊರಡಬೇಕಂತೆ. ಗಂಡನ ಮನೆ ಬಿಟ್ಟು ಕೂತರೆ ಜನ ಎಂತ ಹೇಳಿಯಾರು, ನಾಚಿಕೆ ಉಂಟಾ ಎಂದು ಕೇಳಿದರು. ನಾಚಿಕೆ ಯಾರಿಗಿರಬೇಕು ಎಂಬುದು ಬೇರೆ ಮಾತು. ಕಾಫಿ ಕೊಟ್ಟು ಕಳಿಸಿದೆ.

ಆಮಂತ್ರಣದಲ್ಲಿ ಹನ್ನೊಂದು ಒಂದುಗಳ ಸಂಖ್ಯೆ, ಸ್ವಂತ ಸಂಶೋಧನೆ ಎಂದು ಅಚ್ಚಾಗಿದೆ. ಸ್ವಂತವಂತೆ. 11111111111ಕ್ಕೆ ಯಾವ ಭಾಜಕವಿದ್ದರೂ ಅದನ್ನು ಇಪ್ಪತ್ತೆರಡರಿಂದ ಭಾಗಿಸಿದಾಗ ಒಂದೇ ಉಳಿಯಬೇಕು ಎಂದು ಕಂಡುಕೊಂಡವಳು ನಾನು. ಸಂತೋಷ ತಡೆಯಲಾಗದೆ, ಗಂಜಿ ಬಡಿಸುತ್ತಲೇ ನಿಮಗೆ ಹೇಳಿದೆ. ಎಂತ ಮಂಡೆಬಿಸಿ ಮಾರಾಯ್ತಿ, ಮೊದಲು ಉಪ್ಪಿನಕಾಯಿ ಹಾಕು ಎಂದಿರಿ. ಯುಗಾದಿಯ ಹೊತ್ತಿಗೆ ಅದೇ ನಿಯಮ ನಿಮ್ಮ ಹೆಸರಿನಲ್ಲಿ ಅಧ್ಯಾಪಕರ ಸಂಘದ ಪತ್ರಿಕೆಯಲ್ಲಿ ಬಂತು. ಕೇಳಿದರೆ, ಗಂಡನ ಹೆಸರು ಬೇರೆ ಹೆಂಡತಿಯ ಹೆಸರು ಬೇರೆಯಾ ಎಂದು ನಕ್ಕಿರಿ. ಆ ನಗುವಿಗೇ ನಾನು ತವರಿಗೆ ಬಂದದ್ದು. ಇಲ್ಲಿಯ ಶಾಲೆಯಲ್ಲಿ ಲೆಕ್ಕ ಕಲಿಸಿಕೊಂಡಿದ್ದೇನೆ.

ಕದಿಯುವುದು ಕದ್ದಿರಿ, ಸರಿಯಾಗಿಯಾದರೂ ಕದಿಯಬಾರದಿತ್ತೇ? ಈ ಸಂಖ್ಯೆ ಅವಿಭಾಜ್ಯ, ಯಾವುದರಿಂದಲೂ ಭಾಗವಾಗದು ಎಂದು ಭಾನುವಾರ ಸಾರುತ್ತೀರಂತೆ. ನೀವು ಎಲ್ಲಿ ನಿಂತಿರೆಂದು ನನಗೆ ಗೊತ್ತು. ನಿಮ್ಮ ಕಾಲೇಜಿನ ಪುಸ್ತಕದಲ್ಲಿರುವ ಅವಿಭಾಜ್ಯಗಳ ಕೋಷ್ಟಕ ಹತ್ತು ಸಾವಿರಕ್ಕೆ ಮುಗಿಯುತ್ತದೆ. ಅಲ್ಲಿಗೆ ನೀವೂ ಮುಗಿಸಿದಿರಿ. ಇದರ ವರ್ಗಮೂಲ ಲಕ್ಷ ದಾಟುತ್ತದೆ. ಹುಡುಕುವುದಾದರೆ ಅಲ್ಲಿಯವರೆಗೂ ಹುಡುಕಬೇಕು. ಪುಸ್ತಕದ ಹಾಳೆ ಮುಗಿದರೆ ಸಂಖ್ಯೆಗಳೂ ಮುಗಿದವು ಎಂದುಕೊಂಡವರು ನೀವೊಬ್ಬರೇ ಇರಬೇಕು.

ನಾನು ಮುಂದುವರಿಸಿದೆ. ಸಂಖ್ಯೆ ಒಡೆಯಿತು. ಭಾಜಕಗಳು ಎರಡು: ಒಂದು ಐದಂಕಿಯದು, ಇನ್ನೊಂದು ಆರಂಕಿಯದು. ಎರಡನ್ನೂ ಗುಣಿಸಿ, ಒಂದುಗಳು ಸಾಲಾಗಿ ಬಂದು ನಿಂತಾಗ ಒಬ್ಬಳೇ ಕೂತು ಅತ್ತೆ. ಹೇಳಿಕೊಳ್ಳಲು ಆಗಲೂ ನಿಮ್ಮ ನೆನಪೇ ಬಂತು, ಅದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಆ ಭಾಜಕಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಭಾನುವಾರದೊಳಗೆ ಅವೂ ನಿಮ್ಮವಾಗುತ್ತವೆ.

ನಿಯಮ ನನ್ನದೆಂದು ಸಭೆಯಲ್ಲಿ ಹೆಸರು ಹಿಡಿದು ಹೇಳಿ. ಅವಿಭಾಜ್ಯ ಎಂಬ ಸುಳ್ಳನ್ನು ಬಿಡಿ. ಇಷ್ಟೇ ನಾನು ಕೇಳುವುದು. ಇಷ್ಟು ಮಾಡಿದರೂ ಮಣಿಪಾಲಕ್ಕೆ ಬರುವ ಮಾತಿಲ್ಲ. ಮಲ್ಲಿಗೆಯನ್ನು ಪಕ್ಕದ ಮನೆಯ ಮೋಹಿನಿಗೆ ಕೊಟ್ಟೆ.

ನಿಮ್ಮವಳು ಎಂದು ಬರೆಯದೆ,
ನಳಿನಾಕ್ಷಿ, ಎಂ.ಎಸ್ಸಿ.

ವಿ.ಸೂ.: ಎಲ್ಲ ಸಭೆಗಳ ಹಾಗೆ ಇದಕ್ಕೂ ವಂದನಾರ್ಪಣೆಗೆ ಯಾರೂ ಸಿಕ್ಕಿಲ್ಲವೆಂದು ಸಂಘದ ಕಾರ್ಯದರ್ಶಿ ರಾಮದಾಸರು ಪೇಚಾಡುತ್ತಿದ್ದರು. ಇವತ್ತು ನಾನು ಒಪ್ಪಿಕೊಂಡೆ. ನೀವು ನಿಜ ಹೇಳಿದರೆ ಎರಡು ಮಾತಿನಲ್ಲಿ ವಂದಿಸಿ ಕೂರುತ್ತೇನೆ. ಇಲ್ಲದಿದ್ದರೆ ಕರಿಹಲಗೆಯಲ್ಲಿ ನನಗೆ ಅರ್ಧ ಜಾಗ ಬಿಡಿ.